200 ನಿಮಿಷ, ಹತ್ತು ಹುಡುಗಿಯರು

2024ರ ಏಪ್ರಿಲ್ 7ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಅಮೆರಿಕದ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ಫೈನಲ್ ನಡೆಯಿತು. ಸೌತ್ ಕ್ಯಾರೊಲೈನಾ 87-75ರಿಂದ ಅಯೋವಾವನ್ನು ಸೋಲಿಸಿತು. ಆ ಸ್ಕೋರ್ ಬಹಳ ಜನರಿಗೆ ಗೊತ್ತು. ನನ್ನ ತಲೆಯಲ್ಲಿ ಉಳಿದಿರುವುದು ಇನ್ನೊಂದು ಲೆಕ್ಕ: 37-0. ಆವತ್ತು ಸೌತ್ ಕ್ಯಾರೊಲೈನಾದ ಬೆಂಚಿನಿಂದ ಎದ್ದು ಬಂದ ಹುಡುಗಿಯರು ಒಟ್ಟು 37 ಪಾಯಿಂಟ್ ಹೊಡೆದರು. ಅಯೋವಾದ ಬೆಂಚಿನಿಂದ ಬಂದವರದು ಸೊನ್ನೆ.

ನಾನಿರುವುದು ಗೆದ್ದ ತಂಡದ ಊರಲ್ಲೇ, ಕೊಲಂಬಿಯಾದಲ್ಲಿ. ಸೌತ್ ಕ್ಯಾರೊಲೈನಾ ರಾಜ್ಯದ ರಾಜಧಾನಿ ಇದು. ದೊಡ್ಡ ಊರೇನಲ್ಲ. ಆದರೂ ಇಲ್ಲಿನ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್‌ಗೆ ಸೇರುವಷ್ಟು ಜನ ದೇಶದ ಬೇರೆ ಕಾಲೇಜುಗಳಲ್ಲಿ ಸೇರುವುದಿಲ್ಲ. ಆಟ ನಡೆಯುವ ಕಾಲೋನಿಯಲ್ ಲೈಫ್ ಅರೀನಾದಲ್ಲಿ ಸುಮಾರು 18 ಸಾವಿರ ಸೀಟು. ಅದರ ಹೊರಗೆ ಅಜಾ ವಿಲ್ಸನ್ ಪ್ರತಿಮೆ ನಿಂತಿದೆ. ಪಕ್ಕದ ಹಾಪ್ಕಿನ್ಸ್‌ನಲ್ಲಿ ಬೆಳೆದು, ಇದೇ ಕಾಲೇಜಿಗೆ ಆಡಿ, 2017ರಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಹುಡುಗಿ. ಆಟ ಆಡಿದ್ದಕ್ಕೆ ಒಬ್ಬ ಹೆಣ್ಣುಮಗಳ ಪ್ರತಿಮೆ ಕಾಲೇಜಿನ ಮುಂದೆ ಇದೆ ಅನ್ನುವುದನ್ನು ಮೊದಲ ಸಲ ನೋಡಿದಾಗ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಆದರೆ ನಾನು ಹೇಳಬೇಕೆಂದಿರುವುದು ಸ್ಟಾರ್‌ಗಳ ಬಗ್ಗೆ ಅಲ್ಲ. ಬೆಂಚಿನ ಬಗ್ಗೆ.

ನಮ್ಮ ಕಡೆ ಕಾಲೇಜು ತಂಡದಲ್ಲಿ ಬೆಂಚ್ ಅಂದರೆ ಏನು ಅಂತ ಆಡಿದವರಿಗೆಲ್ಲ ಗೊತ್ತು. ಹನ್ನೆರಡು ಜನರ ಪಟ್ಟಿ ಇರುತ್ತದೆ. ಅದರಲ್ಲಿ 'ಫಸ್ಟ್ ಫೈವ್' ಜೂನ್‌ನಲ್ಲೇ ತೀರ್ಮಾನವಾಗಿರುತ್ತದೆ. ಇಂಟರ್ ಕಾಲೇಜ್ ಟೂರ್ನಮೆಂಟ್ ಬಂದಾಗ ಆ ಐವರೇ ಬಿಸಿಲಿನ ಸಿಮೆಂಟ್ ಕೋರ್ಟಿನಲ್ಲಿ ಬೆಳಗ್ಗೆ ಒಂದು, ಸಂಜೆ ಒಂದು ಪಂದ್ಯ ಪೂರ್ತಿ ಆಡುತ್ತಾರೆ. ಉಳಿದ ಏಳು ಜನ ನೀರಿನ ಬಾಟಲಿ ತುಂಬಿಸುತ್ತಾರೆ, ಬ್ಯಾಗ್ ಕಾಯುತ್ತಾರೆ, ಕೂಗಿ ಗಂಟಲು ಕೆಡಿಸಿಕೊಳ್ಳುತ್ತಾರೆ. ಮೇಷ್ಟ್ರು ಆಗಾಗ ತಿರುಗಿ 'ರೆಡಿ ಇರು' ಅನ್ನುತ್ತಾರೆ. ರೆಡಿ ಇದ್ದವರನ್ನು ಒಳಗೆ ಕಳಿಸುವುದು ಯಾರಿಗಾದರೂ ಕಾಲು ಉಳುಕಿದಾಗ, ಇಲ್ಲವೇ ಐದು ಫೌಲ್ ಆದಾಗ ಮಾತ್ರ. ತಿಂಗಳುಗಟ್ಟಲೆ ಪಂದ್ಯ ಆಡದವಳನ್ನು ಹಾಗೆ ದಿಢೀರ್ ಅಂತ ಕಳಿಸಿದರೆ ಕೈ ನಡುಗದೆ ಏನು ಮಾಡುತ್ತದೆ? ಪಾಸ್ ತಪ್ಪುತ್ತದೆ. 'ನೋಡಿ, ಅದಕ್ಕೇ ಇವಳನ್ನ ಆಡಿಸಲ್ಲ' ಅನ್ನುವ ಮಾತು ಬರುತ್ತದೆ. ನನ್ನ ಕಾಲೇಜಿನ ತಂಡದಲ್ಲೂ ಇದೇ ನಡೆಯಿತು. ಆ ಏಳು ಜನರಲ್ಲಿ ನಾನೂ ಇದ್ದೆ.

ಈಗ ಸೌತ್ ಕ್ಯಾರೊಲೈನಾದ ಕಥೆಗೆ ಬರುತ್ತೇನೆ. 2022-23ರಲ್ಲಿ ಈ ತಂಡ 36 ಪಂದ್ಯ ಸತತ ಗೆದ್ದು, ಡಾಲಸ್‌ನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಇದೇ ಅಯೋವಾಗೆ 77-73ರಿಂದ ಸೋತಿತು. ಅಯೋವಾದ ಕೇಟ್ಲಿನ್ ಕ್ಲಾರ್ಕ್ ಒಬ್ಬಳೇ 41 ಪಾಯಿಂಟ್ ಹೊಡೆದಳು. ಅಷ್ಟಕ್ಕೇ ಮುಗಿಯಲಿಲ್ಲ. ಸೌತ್ ಕ್ಯಾರೊಲೈನಾದ ಆ ವರ್ಷದ ಐದೂ ಸ್ಟಾರ್ಟರ್‌ಗಳು, ಅಂದರೆ ಪಂದ್ಯ ಶುರು ಮಾಡುವ ಫಸ್ಟ್ ಫೈವ್, ಕಾಲೇಜು ಬಿಟ್ಟು ಹೋದರು. ಅವರಲ್ಲಿ ಅಲಿಯಾ ಬೋಸ್ಟನ್ ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಗೆ ಮೊದಲ ಆಯ್ಕೆಯಾಗಿ ಹೋದಳು. ಹೊಸ ಸೀಸನ್ ಶುರುವಾಗುವ ಮುಂಚೆ ಎಪಿ ಸುದ್ದಿಸಂಸ್ಥೆಯ ಶ್ರೇಯಾಂಕ ಪಟ್ಟಿಯಲ್ಲಿ ಈ ತಂಡಕ್ಕೆ 6ನೇ ಸ್ಥಾನ ಕೊಟ್ಟರು. ಫಸ್ಟ್ ಫೈವ್ ಪೂರ್ತಿ ಖಾಲಿಯಾದ ತಂಡಕ್ಕೆ ಆರನೇ ಜಾಗವೇ ಜಾಸ್ತಿ ಅಂತ ನಮ್ಮ ಕಡೆಯಾದರೆ ಅನ್ನುತ್ತಿದ್ದರು.

ಕೋಚ್ ಡಾನ್ ಸ್ಟೇಲಿ ಅವರಿಗೆ ಹಾಗೆ ಅನಿಸಲಿಲ್ಲ. ಅವರು ಫಿಲಡೆಲ್ಫಿಯಾದವರು. ಆಟಗಾರ್ತಿಯಾಗಿ ಮೂರು ಒಲಿಂಪಿಕ್ ಚಿನ್ನ ಗೆದ್ದವರು, 2008ರಿಂದ ಇಲ್ಲೇ ಇದ್ದಾರೆ. ಹೊಸ ಸ್ಟಾರ್ಟರ್‌ಗಳು ಎಲ್ಲಿಂದ ಬಂದರು ಅಂತ ನೋಡಿದರೆ ಅವರ ದಾರಿ ಅರ್ಥವಾಗುತ್ತದೆ. ಆರು ಅಡಿ ಏಳು ಇಂಚಿನ ಬ್ರೆಜಿಲ್ ಹುಡುಗಿ ಕಮಿಲಾ ಕಾರ್ಡೋಸೊ ಹಿಂದಿನ ವರ್ಷ ಬೆಂಚಿನಿಂದ ಬರುತ್ತಿದ್ದಳು. ಈ ತಂಡ ಆಡುವ ಎಸ್‌ಇಸಿ ಲೀಗಿನ ಆ ವರ್ಷದ ಅತ್ಯುತ್ತಮ ಆರನೇ ಆಟಗಾರ್ತಿ ಅವಳೇ. ಹೌದು, ಇಲ್ಲಿ ಬೆಂಚಿನವರಿಗೂ ಒಂದು ಪ್ರಶಸ್ತಿ ಇದೆ. ರೇವನ್ ಜಾನ್ಸನ್, ಬ್ರೀ ಹಾಲ್ ಕೂಡ ಬೆಂಚಿನವರೇ. ಒರೆಗಾನ್‌ನಿಂದ ಟೆ-ಹಿನಾ ಪಾಓಪಾಓ ಬಂದು ಸೇರಿದಳು. ಅಂದರೆ ಹೊಸದಾಗಿ ಸ್ಟಾರ್ಟರ್ ಆದವರಲ್ಲಿ ಬಹುಪಾಲು ಹುಡುಗಿಯರು ಆಗಲೇ ದೊಡ್ಡ ದೊಡ್ಡ ಪಂದ್ಯದಲ್ಲಿ ಬೆವರು ಹರಿಸಿದ್ದವರು. ಹಳೆಯ ಐವರು ಹೋಗುವ ಮುಂಚೆಯೇ ಇವರು ತಯಾರಾಗಿದ್ದರು.

ಸೀಸನ್ನಿನ ಮೊದಲ ಪಂದ್ಯ ಪ್ಯಾರಿಸ್‌ನಲ್ಲಿ, ಅಮೆರಿಕದ್ದೇ ಆದ ನೋಟ್ರ್ ಡೇಮ್ ಕಾಲೇಜಿನ ಮೇಲೆ. 100-71ರಿಂದ ಗೆದ್ದರು. ಅಲ್ಲಿ ಇನ್ನೊಬ್ಬಳು ಕಣ್ಣಿಗೆ ಬಿದ್ದಳು: ಮಿಲೇಷಿಯಾ ಫುಲ್‌ವೈಲಿ, ಇದೇ ಕೊಲಂಬಿಯಾದ ಹುಡುಗಿ, ಮೊದಲ ವರ್ಷದವಳು. ಓಡುತ್ತಲೇ ಚೆಂಡನ್ನು ಬೆನ್ನ ಹಿಂದಿನಿಂದ ತಿರುಗಿಸಿ ಬುಟ್ಟಿಗೆ ಹಾಕಿದ ಅವಳ ಆ ಒಂದು ಹೊಡೆತವನ್ನು ಮಾರನೇ ದಿನ ಎಲ್ಲರೂ ಫೋನಿನಲ್ಲಿ ತೋರಿಸುತ್ತಿದ್ದರು.

ಫೆಬ್ರವರಿಯಲ್ಲಿ ಕಾರ್ಡೋಸೊ ಬ್ರೆಜಿಲ್ ಪರ ಒಲಿಂಪಿಕ್ ಅರ್ಹತಾ ಪಂದ್ಯ ಆಡಲು ಹೋದಳು. ಅದೇ ಹೊತ್ತಿಗೆ ಯೂಕಾನ್ (ಕನೆಕ್ಟಿಕಟ್ ಯೂನಿವರ್ಸಿಟಿ) ಎದುರು ಪಂದ್ಯ. ತಂಡದ ದೊಡ್ಡ ಆಟಗಾರ್ತಿಯೇ ಇಲ್ಲ. ಆದರೂ 83-65ರಲ್ಲಿ ಗೆದ್ದರು. ಮಾರ್ಚ್‌ನಲ್ಲಿ ಎಸ್‌ಇಸಿ ಫೈನಲ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಜೊತೆ ತಳ್ಳಾಟವಾಗಿ ಕಾರ್ಡೋಸೊಳನ್ನು ಹೊರಗೆ ಕಳಿಸಿದರು. ಬೆಂಚ್ ಬಿಟ್ಟು ಕೋರ್ಟಿಗೆ ನುಗ್ಗಿದವರೂ ಹೊರಗೆ ಹೋಗಬೇಕಾಯಿತು. ಅದು ಆಗಬಾರದಿತ್ತು, ಕೋಚ್ ಕೂಡ ಕ್ಷಮೆ ಕೇಳಿದರು. ಉಳಿದವರೇ ಆಡಿ 79-72ಕ್ಕೆ ಮುಗಿಸಿದರು. ಆ ಟೂರ್ನಮೆಂಟಿನ ಅತ್ಯುತ್ತಮ ಆಟಗಾರ್ತಿ ಯಾರು ಗೊತ್ತಾ? ಬೆಂಚಿನಿಂದ ಬರುತ್ತಿದ್ದ ಫುಲ್‌ವೈಲಿ. ಅದಾದ ಮೇಲೆ ರಾಷ್ಟ್ರೀಯ ಟೂರ್ನಮೆಂಟಿನ ಮೊದಲ ಪಂದ್ಯಕ್ಕೆ ಕಾರ್ಡೋಸೊಗೆ ನಿಷೇಧ. ಆದರೂ 91-39ರಿಂದ ಗೆದ್ದರು.

ಫೈನಲ್‌ನ ಆರಂಭ ನೋಡಿದ್ದರೆ ನೀವು ಟಿವಿ ಆರಿಸಿಬಿಡುತ್ತಿದ್ದಿರಿ. ಮೊದಲ 10 ಪಾಯಿಂಟ್ ಪೂರ್ತಿ ಅಯೋವಾದ್ದು. ಕ್ಲಾರ್ಕ್ ಮೊದಲ ಕ್ವಾರ್ಟರ್‌ನಲ್ಲೇ 18 ಹೊಡೆದಳು. ಯುಗಾದಿಗೆ ಎರಡು ದಿನ ಮುಂಚಿನ ಭಾನುವಾರ ಅದು. ನಮ್ಮ ಮನೆಯಲ್ಲಿ ಒಂದೆರಡು ಕನ್ನಡ ಕುಟುಂಬಗಳು ಸೇರಿದ್ದವು. 'ಮತ್ತೆ ಹೋದ ವರ್ಷದ ಥರಾನೇ' ಅಂತ ಒಬ್ಬರು ಎದ್ದೇ ಹೋದರು.

ಸ್ಟೇಲಿ ಗಾಬರಿಯಾಗಲಿಲ್ಲ. ಒಬ್ಬಳಾದ ಮೇಲೆ ಒಬ್ಬಳನ್ನು ಕಳಿಸುತ್ತಾ ಹೋದರು. ಇಲ್ಲಿ ಒಂದು ನೋಟವನ್ನು ಹೇಳಲೇಬೇಕು. ಬದಲಿ ಹೋಗುವವಳು ಸ್ಕೋರರ್ ಮೇಜಿನ ಮುಂದೆ ಒಂದು ಮೊಣಕಾಲೂರಿ ಕೂರುತ್ತಾಳೆ. ಸೀಟಿ ಊದಿದ ಕೂಡಲೇ ಎದ್ದು ಓಡುತ್ತಾಳೆ. ಹೊರಗೆ ಬರುವವಳು ಅವಳ ಕೈಗೆ ಕೈ ತಟ್ಟಿ, ಯಾರನ್ನು ಕಾಯಬೇಕು ಅಂತ ಬೆರಳಿನಲ್ಲಿ ತೋರಿಸಿ ಬರುತ್ತಾಳೆ. ಮುಖದಲ್ಲಿ ಸಿಟ್ಟು ಕಾಣುವುದಿಲ್ಲ. ತನ್ನನ್ನು ತೆಗೆದರಲ್ಲ ಅನ್ನುವ ಅವಮಾನವೂ ಕಾಣುವುದಿಲ್ಲ. ಇನ್ನು ಮೂರು ನಿಮಿಷಕ್ಕೆ ತಾನು ವಾಪಸ್ ಬರುತ್ತೇನೆ ಅಂತ ಅವಳಿಗೆ ಗೊತ್ತು.

ಹಾಗೆ ಒಳಗೆ ಹೋದವಳು ಟೆಸ್ಸಾ ಜಾನ್ಸನ್. ಮಿನೆಸೋಟದಿಂದ ಬಂದ ಮೊದಲ ವರ್ಷದ ಹುಡುಗಿ. 19 ಪಾಯಿಂಟ್. ಆವತ್ತು ತಂಡದಲ್ಲಿ ಅದೇ ಅತಿ ಹೆಚ್ಚು. ಕಾರ್ಡೋಸೊ 15 ಪಾಯಿಂಟ್, 17 ರಿಬೌಂಡ್. ಹಾಫ್ ಟೈಮ್ ಹೊತ್ತಿಗೆ ಸೌತ್ ಕ್ಯಾರೊಲೈನಾ 49-46ರಿಂದ ಮುಂದಿತ್ತು. ಕ್ಲಾರ್ಕ್ ಮೊದಲ ಹತ್ತು ನಿಮಿಷದಲ್ಲಿ 18 ಹೊಡೆದವಳು ಉಳಿದ ಮೂವತ್ತು ನಿಮಿಷದಲ್ಲಿ 12 ಹೊಡೆದಳು. ಅವಳ ಪ್ರತಿಭೆ ಕಮ್ಮಿ ಆಯಿತಾ? ಖಂಡಿತ ಇಲ್ಲ, ಅಂಥ ಆಟಗಾರ್ತಿಯನ್ನು ನಾನು ನೋಡಿಲ್ಲ. ಆದರೆ ಅವಳ ಮೇಲೆ ಬಿಟ್ಟದ್ದು ಸುಸ್ತಾಗದ ಕಾಲುಗಳನ್ನು. ಒಬ್ಬಳು ದಣಿದರೆ ಇನ್ನೊಬ್ಬಳು. ಕೊನೆಯಲ್ಲಿ ಅಯೋವಾ 80-75ರವರೆಗೆ ಬಂತು. ಅಲ್ಲಿಂದ ಮುಂದಿನ ಏಳೂ ಪಾಯಿಂಟ್ ಸೌತ್ ಕ್ಯಾರೊಲೈನಾದ್ದು. ಸೀಸನ್ 38-0. ಒಂದೂ ಸೋಲಿಲ್ಲ.

ಆ ಸೀಸನ್ನಿನಲ್ಲಿ ಕ್ಲಾರ್ಕ್ ಸರಾಸರಿ ಪಂದ್ಯಕ್ಕೆ 31ಕ್ಕೂ ಜಾಸ್ತಿ ಪಾಯಿಂಟ್ ಹೊಡೆದಳು. ಸೌತ್ ಕ್ಯಾರೊಲೈನಾದಲ್ಲಿ ಎಲ್ಲರಿಗಿಂತ ಮುಂದಿದ್ದ ಕಾರ್ಡೋಸೊ ಸರಾಸರಿ 14ರ ಆಸುಪಾಸು. ಇದನ್ನು ನೋಡಿಯೇ ನನಗೆ ಒಂದು ಲೆಕ್ಕ ಹೊಳೆಯಿತು. ಪಂದ್ಯ 40 ನಿಮಿಷ. ಕೋರ್ಟಿನಲ್ಲಿ ಐವರು. ಒಟ್ಟು 200 ನಿಮಿಷ ಕೋಚ್ ಕೈಯಲ್ಲಿರುತ್ತದೆ. ಅದನ್ನು ಹೇಗೆ ಹಂಚಬೇಕು ಅನ್ನುವುದೇ ಎಲ್ಲ. ನಾವು ಐವರಿಗೆ ತಲಾ ನಲವತ್ತು ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಸ್ಟೇಲಿ ಒಂಬತ್ತು ಹತ್ತು ಜನಕ್ಕೆ ಹಂಚುತ್ತಾರೆ, ಅದೂ ನವೆಂಬರ್‌ನ ಸಣ್ಣ ಪಂದ್ಯದಿಂದಲೇ. ಏಪ್ರಿಲ್‌ನಲ್ಲಿ ಟೆಸ್ಸಾ ಜಾನ್ಸನ್‌ಳ ಕೈ ನಡುಗದೆ ಇದ್ದದ್ದು ಅದರಿಂದ.

ಊರಿಗೆ ಫೋನ್ ಮಾಡಿದಾಗ ಇದನ್ನು ಹೇಳಿದರೆ ಗೆಳೆಯರು ಒಂದೇ ಮಾತು ಹೇಳುತ್ತಾರೆ: ಅಲ್ಲಿ ದುಡ್ಡಿದೆ, ಸ್ಕಾಲರ್‌ಶಿಪ್ ಇದೆ, ಟಿವಿ ಇದೆ, ನಮಗೆ ಮರದ ಕೋರ್ಟೇ ಇಲ್ಲ. ನಿಜ, ಒಪ್ಪುತ್ತೇನೆ. ಆ ಫೈನಲ್ ಅನ್ನು ಟಿವಿಯಲ್ಲಿ ಸರಾಸರಿ 1 ಕೋಟಿ 80 ಲಕ್ಷಕ್ಕೂ ಜಾಸ್ತಿ ಜನ ನೋಡಿದರು, ಆ ವರ್ಷದ ಗಂಡುಮಕ್ಕಳ ಫೈನಲ್ ನೋಡಿದವರಿಗಿಂತ ಜಾಸ್ತಿ. ಅಭ್ಯಾಸಕ್ಕೆ ಎದುರಾಳಿಯಾಗಿ ನಿಲ್ಲಲು ಅದೇ ಕಾಲೇಜಿನ ಹುಡುಗರ ಒಂದು ಗುಂಪು ಇರುತ್ತದೆ. ಇದೆಲ್ಲ ನಮ್ಮಲ್ಲಿ ನಾಳೆಯೇ ಬರುವುದಿಲ್ಲ. ಆದರೆ ನಿಮಿಷ ಹಂಚುವುದಕ್ಕೆ ಎಷ್ಟು ದುಡ್ಡು ಬೇಕು? 30 ಪಾಯಿಂಟ್ ಮುಂದಿರುವಾಗ ನಾಲ್ಕನೇ ಕ್ವಾರ್ಟರ್‌ನಲ್ಲೂ ಫಸ್ಟ್ ಫೈವ್ ಯಾಕೆ ಆಡುತ್ತಿರಬೇಕು?

ಈ ದಾರಿಯಲ್ಲಿ ನೋವೂ ಇದೆ. 2024-25ರಲ್ಲಿ ಫುಲ್‌ವೈಲಿ ಬೆಂಚಿನಿಂದಲೇ ಬಂದು, ಎಸ್‌ಇಸಿಯ ಅತ್ಯುತ್ತಮ ಆರನೇ ಆಟಗಾರ್ತಿ ಆದಳು. ಅದಾದ ಮೇಲೆ ತಂಡ ಬಿಟ್ಟು ಎಲ್‌ಎಸ್‌ಯುಗೆ ಹೋದಳು, ಅದೇ ಎದುರಾಳಿ ತಂಡಕ್ಕೆ. ಸ್ವಂತ ಊರಿನ ಹುಡುಗಿ ಹೋದಳು ಅಂತ ಇಲ್ಲಿ ಎಷ್ಟೋ ಜನ ಬೇಜಾರು ಮಾಡಿಕೊಂಡರು. ನನಗೂ ಬೇಸರವಾಯಿತು. ಆದರೆ ಅವಳ ತಪ್ಪು ಅಂತ ನಾನು ಹೇಳುವುದಿಲ್ಲ. ಅಷ್ಟು ಆಟ ಇರುವವಳಿಗೆ ಮೊದಲ ಸೀಟಿಗೇ ಕೋರ್ಟಿನಲ್ಲಿ ನಿಲ್ಲುವ ಆಸೆ ಇರುವುದು ಸಹಜ ಅಲ್ವಾ? ಅವಳಿಗೆ ಹೋಗಲು ಒಂದು ಜಾಗ ಇತ್ತು. ನಮ್ಮ ಹುಡುಗಿಗೆ ಬೆಂಚ್ ಸಾಕಾದರೆ ಅವಳು ಆಟವನ್ನೇ ಬಿಡುತ್ತಾಳೆ. ಅದೇ ವರ್ಷ ಫೈನಲ್‌ನಲ್ಲಿ ಸೌತ್ ಕ್ಯಾರೊಲೈನಾ 82-59ರಿಂದ ಯೂಕಾನ್‌ಗೆ ಸೋತಿದ್ದೂ ನಿಜ. ಬೆಂಚ್ ಇದ್ದರೆ ಪ್ರತಿ ಸಲ ಗೆಲ್ಲುತ್ತಾರೆ ಅಂತ ಯಾರೂ ಬರೆದುಕೊಟ್ಟಿಲ್ಲ.

ನಮ್ಮಲ್ಲಿ ಆಟ ಇಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ ಬಿ ಡಿವಿಷನ್ ಫೈನಲ್‌ನಲ್ಲಿ ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಮೇಲಿನ ಡಿವಿಷನ್‌ಗೆ ಹೋದರು. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕಕ್ಕೇ ಬಂದು ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿಯ ತಂಡ ಸೇರಿದರು. ಎಲ್ಲ ತಾಲ್ಲೂಕಿನಲ್ಲೂ ಎತ್ತರದ, ಚುರುಕಾದ ಹುಡುಗಿಯರಿದ್ದಾರೆ. ಪಿಯುಸಿ ಬಂದ ಕೂಡಲೇ ಟ್ಯೂಷನ್, ಸಿಇಟಿ, ನೀಟ್ ಅಂತ ಮನೆಯವರು ಬಿಡಿಸುತ್ತಾರೆ. ಅದಕ್ಕೆ ನಾನು ಮನೆಯವರನ್ನಷ್ಟೇ ದೂರುವುದಿಲ್ಲ. ಮಗಳು ಎರಡು ವರ್ಷ ಸುಮ್ನೆ ಬೆಂಚಿನಲ್ಲಿ ಕೂತಿದ್ದನ್ನು ನೋಡಿದ ಅಪ್ಪನಿಗೆ 'ಇನ್ನೊಂದು ವರ್ಷ ಕಳಿಸಿ' ಅಂತ ಯಾವ ಮುಖದಲ್ಲಿ ಕೇಳುವುದು?

ನನ್ನ ಮಗಳು ಇಲ್ಲಿ ಮಕ್ಕಳ ಲೀಗಿನಲ್ಲಿ ಆಡುತ್ತಾಳೆ. ಅದರಲ್ಲಿ ಒಂದು ನಿಯಮವಿದೆ: ಹೆಸರು ಕೊಟ್ಟ ಪ್ರತಿ ಮಗುವೂ ಎರಡೂ ಅರ್ಧದಲ್ಲಿ ಆಡಲೇಬೇಕು. ಆಡಿಸದ ಕೋಚ್‌ಗೆ ಪಂದ್ಯ ಸಿಗುವುದಿಲ್ಲ. ಪೋಷಕರು ಗಲಾಟೆ ಮಾಡಿದ್ದನ್ನು ನಾನು ನೋಡಿಲ್ಲ, ಎಲ್ಲರ ಮಕ್ಕಳೂ ಆಡುತ್ತಾರಲ್ಲ.

ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರುಗಳಿಗೆ, ಟೂರ್ನಮೆಂಟ್ ನಡೆಸುವವರಿಗೆ ನಾನು ಕೇಳುವುದು ಇಷ್ಟೇ. ತಾಲ್ಲೂಕು ಮಟ್ಟದ ಪಂದ್ಯಗಳಲ್ಲಿ ಎರಡನೇ ಕ್ವಾರ್ಟರ್ ಬೆಂಚಿನವರಿಗೇ ಮೀಸಲು ಅಂತ ಒಂದು ನಿಯಮ ತನ್ನಿ. ಫೈನಲ್‌ಗೆ ಬೇಡ ಅನ್ನಿಸಿದರೆ ಫೈನಲ್ ಬಿಡಿ, ಲೀಗ್ ಪಂದ್ಯಗಳಿಗಾದರೂ ಇರಲಿ. ಎರಡೂ ತಂಡಕ್ಕೂ ಅದೇ ನಿಯಮ ಆದ್ದರಿಂದ ಯಾರಿಗೂ ಅನ್ಯಾಯವಾಗುವುದಿಲ್ಲ. ಆ ಹತ್ತು ನಿಮಿಷ ಫಸ್ಟ್ ಫೈವ್ ಹುಡುಗಿಯರು ನೆರಳಲ್ಲಿ ಕೂತು ನೀರು ಕುಡಿಯಲಿ. ಒಂದು ವರ್ಷ ಮಾಡಿ ನೋಡಿ. ಮುಂದಿನ ಜೂನ್‌ನಲ್ಲಿ ಎಷ್ಟು ಹುಡುಗಿಯರು ಮತ್ತೆ ಹೆಸರು ಕೊಡಲು ಬರುತ್ತಾರೆ ಅಂತ ಎಣಿಸಿ ನನಗೂ ತಿಳಿಸಿ.