ಒಂದೇ ದಿನದಲ್ಲಿ ಬೇಕಲ ಕೋಟೆ: ಹೋಗಬೇಕಾ, ಬೇಡವಾ?

ಪರ: ಕಿಂಡಿಗೆ ಕಣ್ಣಿಟ್ಟು ನೋಡಿ

ಭಾನುವಾರ ಬಂತೆಂದರೆ ಮಂಗಳೂರಿನವರಿಗೆ ಮಾಲ್, ತಪ್ಪಿದರೆ ಪಣಂಬೂರಿನಲ್ಲಿ ಚರುಮುರಿ. ಸುಮಾರು 65 ಕಿಲೋಮೀಟರ್ ದೂರದಲ್ಲಿ 40 ಎಕರೆಯ ಕೋಟೆಯೊಂದು ಕಡಲಿಗೆ ಎದೆಯೊಡ್ಡಿ ನಿಂತಿದೆ, ಅದು ನೆನಪೇ ಆಗುವುದಿಲ್ಲ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಅದು. 1956ರಲ್ಲಿ ಕೇರಳಕ್ಕೆ ಸೇರುವವರೆಗೆ ನಮ್ಮ ಜಿಲ್ಲೆಯಲ್ಲೇ ಇತ್ತು. ಈಗಲೂ ಪರವೂರು ಅಂತ ನನಗಂತೂ ಅನಿಸುವುದಿಲ್ಲ.

"ಒಳಗೆ ಏನೂ ಇಲ್ಲ ಮಾರಾಯ್ರೆ" ಎನ್ನುವವರಿದ್ದಾರೆ. ನಿಜ, ಅರಮನೆ ಇಲ್ಲ. ರಾಜ ವಾಸ ಮಾಡಲು ಕಟ್ಟಿದ್ದಲ್ಲ, ಕಾವಲಿಗೆ ಕಟ್ಟಿದ್ದು. ಹಾಗಾಗಿ ನೋಡಬೇಕಾದ್ದು ಗೋಡೆಯನ್ನೇ. ಹೋದ ಡಿಸೆಂಬರಿನಲ್ಲಿ ಎಂಟನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಬೆಳಗಿನ ರೈಲು ಹತ್ತಿ ಕೋಟಿಕುಳಂನಲ್ಲಿ ಇಳಿದು, ಅಲ್ಲಿಂದ ಆಟೋ. ಕೆಂಪುಕಲ್ಲಿನ ಗೋಡೆಯಲ್ಲಿ ಮೇಲೆ ಕೆಳಗೆ ಕಿಂಡಿಗಳಿವೆ. ಅವಳು ಒಂದೊಂದಕ್ಕೂ ಕಣ್ಣಿಟ್ಟಳು. ಮೇಲಿನದ್ದರಲ್ಲಿ ದೂರದ ಕಡಲು. ಅದರ ಕೆಳಗಿನದ್ದರಲ್ಲಿ ದಡ. ತೀರಾ ಕೆಳಗಿನದ್ದರಲ್ಲಿ ಗೋಡೆಯ ಬುಡ. "ಅಪ್ಪ, ಶತ್ರು ಹತ್ತಿರ ಬಂದ ಹಾಗೆ ಕಿಂಡಿ ಬದಲಿಸಬೇಕು, ಅಲ್ವಾ?" ಎಂದಳು. ಯಾರೂ ಹೇಳಿಕೊಟ್ಟದ್ದಲ್ಲ! ಮತ್ತೆ ಅರ್ಧ ಗಂಟೆ ಅವಳು ಸಿಪಾಯಿ, ನಾನು ಶತ್ರು. ನಾಲ್ಕು ಸಲ ಸತ್ತೆ. ಆಮೇಲೆ ಮೆಟ್ಟಿಲಿನ ಕೆರೆ ನೋಡಿ, ಎತ್ತರದ ಬುರುಜು ಹತ್ತಿ ಇಳಿದೆವು. ಕತ್ತಲಾಗುವ ಮೊದಲೇ ಮನೆಯಲ್ಲಿದ್ದೆವು.

ಬಿಸಿಲು ಜಾಸ್ತಿ ಅಂತೆ. ಮಂಗಳೂರಿನಲ್ಲೇನು ಹಿಮ ಬೀಳುತ್ತದಾ? ಟೊಪ್ಪಿ ಹಾಕಿಕೊಳ್ಳಿ.

ವಿರೋಧ: ಬೋಳೂರಿಗೆ ಹೋದರೆ ಸಾಲದೇ?

ವಿರೋಧ ಬರೆಯಲು ಯಾರೂ ಸಿಗಲಿಲ್ಲ ಎಂದು ನನಗೆ ಹೇಳಿದರು. ಆಯಿತು, ಬರೆಯುತ್ತೇನೆ. ಕಿಂಡಿಯಲ್ಲಿ ಇಣುಕುವುದೇ ಮುಖ್ಯವಾದರೆ ಉಡುಪಿಗೆ ಹೋಗಬಹುದು, ಕೃಷ್ಣನಾದರೂ ಕಾಣುತ್ತಾನೆ.

ಕೋಟೆಯೇ ಬೇಕೆಂದರೆ ನಮ್ಮ ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ಉಂಟು. ಗುರುಪುರ ಹೊಳೆಗೆ ಶತ್ರುಗಳ ಹಡಗು ನುಗ್ಗಬಾರದು ಎಂದು 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು. ಸಂಜೆ ಚಾ ಕುಡಿದು ಹೊರಟರೂ ಸಾಕು. ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ ಎನ್ನುತ್ತೀರಿ. ಮುಗಿಯಲಿ ಬಿಡಿ, ಭಾನುವಾರ ಉಳಿಯಿತಲ್ಲ.

ನಾವು ಬೇಕಲಕ್ಕೆ ಹೋದದ್ದು ಮಾರ್ಚ್‌ನಲ್ಲಿ, ಕಾರಿನಲ್ಲಿ, ಒಂಬತ್ತು ಜನ. ಹೆದ್ದಾರಿಯ ಕೆಲಸ ನಡೆಯುತ್ತಿತ್ತು. ತಲುಪುವಾಗ ನಡು ಮಧ್ಯಾಹ್ನ, ಒಳಗೆ ನೆರಳಿಗೆ ಪರದಾಟ. ಅಮ್ಮ ಬಾಗಿಲ ಹತ್ತಿರದ ಮರದಡಿ ಕೂತವರು ಏಳಲೇ ಇಲ್ಲ. ನಾವು ಮುಕ್ಕಾಲು ಗಂಟೆ ಸುತ್ತಿದೆವು, ಅದರಲ್ಲಿ ಅರ್ಧ ಫೋಟೋಕ್ಕೆ ಹೋಯಿತು. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಪಕ್ಕದ ಮನೆಯವರು ಕೋಟೆ ಹೇಗಿತ್ತು ಎಂದು ಕೇಳಿದಾಗ ಅಮ್ಮ ಹೇಳಿದ್ದು: "ಮರ ಒಳ್ಳೆದಿತ್ತು."