ಕ್ಯಾಮೆರಾ ಕಲಿಸಿದವರು ಮೈಕ್ ಹಿಡಿಯುವುದನ್ನೂ ಕಲಿಸಲಿ

ನಿನ್ನೆ ಧಾರವಾಡದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳೇ ತೆಗೆದ ಕಿರುಚಿತ್ರಗಳ ಸ್ಪರ್ಧೆ ಇತ್ತು. ನೋಡಿ ಬಂದಾಗಿನಿಂದ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಗಿದೆ. ಸಿಟ್ಟು ಮಕ್ಕಳ ಮೇಲಲ್ಲ, ಅವರಿಗೆ ಕಲಿಸಿದವರ ಮೇಲೆ, ತೀರ್ಪು ಹೇಳಿದವರ ಮೇಲೆ. ರೇಡಿಯೋ ನಾಟಕಗಳಿಗೆ ದನಿ ಕೊಡುತ್ತಲೇ ಕೂದಲು ನರೆತವನು ನಾನು. ನನ್ನ ಕಿವಿಯ ಹಟ ನಿಮಗೆಲ್ಲ ಗೊತ್ತೇ ಇದೆ. ಆದರೂ ಇದನ್ನು ನನ್ನೊಬ್ಬನ ಹಟವೆಂದು ಪಕ್ಕಕ್ಕೆ ಸರಿಸದೆ ಓದಿ.

ಒಂದು ಚಿತ್ರದಲ್ಲಿ ತಾಯಿ ರಸ್ತೆ ಬದಿಯಲ್ಲಿ ಮಿರ್ಚಿ ಕರಿಯುತ್ತಿದ್ದಾಳೆ, ಕಾಲೇಜು ಬಿಡುತ್ತೇನೆಂದು ಹೇಳಲು ಮಗ ಬಂದು ನಿಂತಿದ್ದಾನೆ. ಎಣ್ಣೆಯ ಹೊಗೆಯಾಚೆ ಕಂಡ ಆ ತಾಯಿಯ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅವಳು ಮಗನಿಗೆ ಏನಂದಳೆಂಬುದು ಸಭಾಂಗಣದಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಸ್ಟೋವಿನ ಭರ್ರೆನ್ನುವ ಸದ್ದು, ಹಿಂದೆ ಹಾದುಹೋದ ಬಸ್ಸಿನ ಹಾರ್ನು, ಇವುಗಳ ನಡುವೆ ಕಥೆಯ ಜೀವಾಳದಂಥ ಮಾತೇ ಮುಳುಗಿಹೋಯಿತು. ಮಾತೆಲ್ಲ ಕ್ಯಾಮೆರಾದ ಮೈಕಿನಲ್ಲೇ ದಾಖಲಾಗಿತ್ತು, ಕ್ಯಾಮೆರಾ ರಸ್ತೆಯ ಆಚೆ ಬದಿಯಲ್ಲಿತ್ತು. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ದನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಸುತ್ತಲಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಝೂಮ್ ಮಾಡಿದರೆ ಮುಖ ಹತ್ತಿರ ಬಂದೀತೇ ಹೊರತು ಮಾತು ಬಾರದು. ಇಷ್ಟನ್ನು ಆ ಮಕ್ಕಳಿಗೆ ಯಾರೂ ಹೇಳಿರಲಿಲ್ಲ.

ಚಿತ್ರ ಮುಗಿದ ಮೇಲೆ ಆ ತಂಡವನ್ನು ಮಾತನಾಡಿಸಿದೆ. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್ ಇರುವುದರಿಂದ ದೀಪದ ಮಿಣುಕು ಚಿತ್ರದಲ್ಲಿ ಮೂಡದಂತೆ ಶಟರನ್ನು, ಅಂದರೆ ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಅವಧಿಯನ್ನು, ಸೆಕೆಂಡಿನ 1/50 ಅಥವಾ 1/100ಕ್ಕೆ ಇಡಬೇಕೆಂಬುದು ಅವರಿಗೆ ಬಾಯಿಪಾಠವಾಗಿದೆ. ಸೆಕೆಂಡಿಗೆ 24 ಫ್ರೇಮ್ ಇಡುವುದೋ 25 ಇಡುವುದೋ ಎಂದು ಚರ್ಚಿಸಬಲ್ಲರು. ಮೈಕನ್ನು ಎಲ್ಲಿಟ್ಟಿದ್ದಿರಿ ಎಂದು ಕೇಳಿದ್ದಕ್ಕೆ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಸೌಂಡ್ ಆಮ್ಯಾಲೆ ನೋಡೋಣು ಅಂದಿದ್ರು ಸರ" ಎಂದ ಒಬ್ಬ. ಹೀಗೆ ಹೇಳಿದವರು ಅವರ ಮೇಷ್ಟ್ರು! ಕನ್ನಡ ಚಿತ್ರ ಮಾತನಾಡಲು ಕಲಿತದ್ದು 1934ರಲ್ಲಿ. ಇಷ್ಟು ವರ್ಷಗಳ ಮೇಲೂ ಮಾತನ್ನು ಆಮೇಲೆ ನೋಡಿಕೊಳ್ಳುವ ಸಾಮಾನಿನಂತೆ ಕಾಣುವುದನ್ನು ಮಕ್ಕಳಿಗೆ ಕಲಿಸುತ್ತಿದ್ದೇವೆ.

ಅದೂ ಯಾವ ಊರಿನಲ್ಲಿ? ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು ಹಾಡಿದ ಊರಿನಲ್ಲಿ, ಗಂಗೂಬಾಯಿ ಹಾನಗಲ್ಲರ ಹುಬ್ಬಳ್ಳಿಯ ಪಕ್ಕದಲ್ಲಿ, 1950ರಿಂದ ಆಕಾಶವಾಣಿ ಇರುವ ಧಾರವಾಡದಲ್ಲಿ. ಇಲ್ಲಿಂದ ಗದಗಿಗೆ ಹೋದರೆ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಕಿವಿಯೊಂದನ್ನೇ ನಂಬಿ ಸಂಗೀತದಲ್ಲಿ ಪಳಗಿದ ಪರಂಪರೆಯೇ ಇದೆ. ಇಂಥ ನೆಲದಲ್ಲಿ ಚಿತ್ರ ತೆಗೆಯುವ ಮಕ್ಕಳ ಕಿವಿಗೆ ಒಂದು ತಾಸಿನ ಪಾಠವೂ ಇಲ್ಲವೆಂದರೆ ಹೊಟ್ಟೆ ಉರಿಯುತ್ತದೆ.

ನಿನ್ನೆ ನನಗೆ ನಿಜಕ್ಕೂ ಖುಷಿ ಕೊಟ್ಟದ್ದು ಮೂವರು ಹುಡುಗಿಯರು ಸೇರಿ ಬರೀ ಮೊಬೈಲಿನಲ್ಲಿ ತೆಗೆದ ಚಿತ್ರ. ಅಜ್ಜಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ ಮೊಮ್ಮಗಳಿಗೆ ತನ್ನ ಮದುವೆಯ ಕಥೆ ಹೇಳುತ್ತಾಳೆ. ಕಥೆಯ ನಡುವೆ ಒಂದು ಹೆಸರು ನೆನಪಾದಾಗ ಬಡಿಯುವ ಕೈ ನಿಲ್ಲುತ್ತದೆ, ಆ ಸದ್ದು ನಿಂತದ್ದರಿಂದಲೇ ನಮಗೆ ಎಲ್ಲವೂ ಅರ್ಥವಾಗುತ್ತದೆ. ಹೇಗೆ ಮಾಡಿದಿರಿ ಎಂದು ವಿಚಾರಿಸಿದೆ. "ಕ್ಯಾಮೆರಾದಾಗ ಅಜ್ಜಿ ಮಾತು ಕೇಳಸ್ತಿದ್ದಿಲ್ರೀ ಸರ, ಅದಕ್ಕ ಇನ್ನೊಂದು ಫೋನ್ ಇಟ್ವಿ" ಎಂದಳು ಒಬ್ಬಳು. ಎರಡನೆಯ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಅಜ್ಜಿಯ ಸೆರಗಿನ ಮಡಿಕೆಯಲ್ಲಿ ಬಟ್ಟೆ ಉಜ್ಜದಂತೆ ಟೇಪು ಹಚ್ಚಿ ಕೂರಿಸಿದ್ದರು. ಚಿತ್ರೀಕರಣ ಶುರುವಾಗುವ ಮುನ್ನ ಕ್ಯಾಮೆರಾದ ಎದುರು ಒಮ್ಮೆ ಚಪ್ಪಾಳೆ ತಟ್ಟಿದ್ದರು, ಅಂಗೈ ಕೂಡುವ ಫ್ರೇಮನ್ನೂ ಧ್ವನಿಯ ಅಲೆಯಲ್ಲಿ ಸೆಟೆದು ನಿಲ್ಲುವ ಗೆರೆಯನ್ನೂ ಎಡಿಟಿಂಗ್‌ನಲ್ಲಿ ಒಂದಕ್ಕೊಂದು ಹೊಂದಿಸಲಿಕ್ಕೆ.

ಆದರೂ ಸ್ವಲ್ಪ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗತೊಡಗಿತಂತೆ. ಕಾರಣವನ್ನು ಅವರೇ ಹುಡುಕಿಕೊಂಡಿದ್ದಾರೆ. ಮೊಬೈಲ್ ಕ್ಯಾಮೆರಾಗಳು ಬೆಳಕಿಗೆ ತಕ್ಕಂತೆ ಫ್ರೇಮ್‌ಗಳ ವೇಗವನ್ನು ಒಳಗೊಳಗೇ ಏರಿಳಿಸುತ್ತವೆ, ಧ್ವನಿಯಾದರೋ ಸೆಕೆಂಡಿಗೆ 48,000 ಬಾರಿ ಅಳೆದು ದಾಖಲಿಸುವ ಸ್ಥಿರ ಲೆಕ್ಕದಲ್ಲಿ ಓಡುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ವಿಡಿಯೋವನ್ನು ಸ್ಥಿರ 25 ಫ್ರೇಮ್‌ಗೆ ಬದಲಿಸಿಕೊಂಡ ಮೇಲೆ ಎರಡೂ ಕೂಡಿಕೊಂಡವು. ಅಡುಗೆಮನೆಯ ಫ್ರಿಜ್ ಆರಿಸಿ, ಯಾರೂ ಮಾತನಾಡದೆ ಕುಳಿತು, ಆ ಕೋಣೆಯ ಬರಿ ಮೌನವನ್ನೂ ಅರ್ಧ ನಿಮಿಷ ದಾಖಲಿಸಿಕೊಂಡಿದ್ದರು. ಮಾತುಗಳನ್ನು ಕತ್ತರಿಸಿ ಜೋಡಿಸಿದ ಜಾಗ ಕಿವಿಗೆ ತಿಳಿಯದಂತೆ ಅದನ್ನು ಕೆಳಗೆ ಹಾಸಬೇಕಲ್ಲ, ಅದಕ್ಕೆ. ಯಾವ ತರಗತಿಯಲ್ಲೂ ಹೇಳಿಕೊಡದ ವಿದ್ಯೆ ಇದು. ಕೇಳುತ್ತ ಕೇಳುತ್ತ ನನಗೆ ಗಂಟಲು ಕಟ್ಟಿತು.

ಬಹುಮಾನ ಹೋದದ್ದು ಉಣಕಲ್ ಕೆರೆಯ ಮೇಲೆ ಡ್ರೋನ್ ಹಾರಿಸಿದ ಚಿತ್ರಕ್ಕೆ. ಹೋಗಲಿ, ಆ ಹುಡುಗರೂ ಶ್ರಮಪಟ್ಟಿದ್ದಾರೆ. ಆದರೆ ತೀರ್ಪುಗಾರರು ಅಷ್ಟು ಹೊತ್ತು ಮಾತನಾಡಿದರಲ್ಲ, ಧ್ವನಿ ಎಂಬ ಪದ ಅವರ ಬಾಯಿಂದ ಒಮ್ಮೆಯಾದರೂ ಬರಬೇಡವೇ?

ಡಬ್ಬಿಂಗ್ ಇದೆಯಲ್ಲ, ದೊಡ್ಡ ದೊಡ್ಡ ಚಿತ್ರಗಳೇ ಹಾಗೆ ಆಗಿವೆ ಎನ್ನುವವರಿದ್ದಾರೆ. ಆಗಿವೆ, ಒಪ್ಪುತ್ತೇನೆ. ಅಲ್ಲಿ ತಮ್ಮ ತುಟಿಗೆ ತಾವೇ ಮಾತು ಕೂಡಿಸಬಲ್ಲ ನುರಿತ ಕಲಾವಿದರಿರುತ್ತಾರೆ, ಸ್ಟುಡಿಯೋ ಇರುತ್ತದೆ. ಓಣಿಯ ಅಜ್ಜಿಯನ್ನು ಕೋಣೆಯೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಅಂದು ಅಂದದ್ದನ್ನೇ ಇನ್ನೊಮ್ಮೆ ಅನ್ನು ಎಂದರೆ ಬರುವುದು ಕಂಠಪಾಠ ಮಾತ್ರ. ಗದ್ದಲ ತೆಗೆಯುವ ತಂತ್ರಾಂಶಗಳು ಬಂದಿವೆ ಎಂಬುದು ಇನ್ನೊಂದು ವಾದ. ಅವು ಅಷ್ಟಿಷ್ಟು ನೆರವಾಗುತ್ತವೆ ನಿಜ, ಆದರೆ ಅತಿಯಾಗಿ ಬಳಸಿದರೆ ಗದ್ದಲದ ಜೊತೆಗೆ ಮಾತಿನ ಕೊನೆಯನ್ನೂ ಸವರಿಹಾಕುತ್ತವೆ. ನಮ್ಮ ಕಡೆಯ ಮಾತಿನಲ್ಲಿ ಅಕ್ಕರೆ, ಮುನಿಸು ಎಲ್ಲ ಇರುವುದೇ ಆ ಕೊನೆಯ ಎಳೆತದಲ್ಲಿ.

ನನ್ನ ಅವ್ವನ ಫೋಟೋಗಳು ಮನೆಯಲ್ಲಿ ಬೇಕಾದಷ್ಟಿವೆ. ದನಿ ಒಂದು ಸೆಕೆಂಡಿನದೂ ಇಲ್ಲ. ಅವಳು ನನ್ನನ್ನು ಊಟಕ್ಕೆ ಕರೆಯುತ್ತಿದ್ದ ರೀತಿಯನ್ನು ನನ್ನ ಮಕ್ಕಳಿಗೆ ಎಷ್ಟು ಅನುಕರಿಸಿ ತೋರಿಸಿದರೂ ಅದು ಅವಳದಾಗುವುದಿಲ್ಲ. ಮಕ್ಕಳು ಇಂದು ತೆಗೆಯುತ್ತಿರುವ ಈ ಚಿತ್ರಗಳಲ್ಲೇ ಎಷ್ಟೋ ಮನೆಗಳ ಹಿರಿಯರ ದನಿ ಉಳಿಯಬೇಕಾಗಿದೆ.

ಆದ್ದರಿಂದ ಮುಂದಿನ ಸ್ಪರ್ಧೆಯಲ್ಲಿ ಧ್ವನಿಗೆ ಪ್ರತ್ಯೇಕ ಅಂಕಗಳಿರಬೇಕು, ಧ್ವನಿ ಹಿಡಿದವರ ಹೆಸರು ತೆರೆಯ ಮೇಲೆ ಬರಲೇಬೇಕು ಎಂದು ಆಯೋಜಕರಿಗೆ ಇಂದು ಬೆಳಿಗ್ಗೆ ಪತ್ರ ಕಳಿಸಿದ್ದೇನೆ. ಎರಡನೆಯ ಲೆನ್ಸ್ ಕೊಳ್ಳುವ ಮೊದಲು ಅಂಗಿಗೆ ಸಿಕ್ಕಿಸುವ ಒಂದು ಮೈಕು, ಕಿವಿ ಮುಚ್ಚುವ ಒಂದು ಹೆಡ್‌ಫೋನ್ ಕೊಳ್ಳಿರೆಂದೂ ಬರೆದಿದ್ದೇನೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಯಾವ ಕಾಲೇಜಿನವರು ಕರೆದರೂ ಬಂದು ಹೇಳಿಕೊಡಲು ನಾನು ತಯಾರಿದ್ದೇನೆ. ಗೌರವಧನ ಬೇಡ. ಆ ಮೂವರು ಹುಡುಗಿಯರೂ ಜೊತೆಗೆ ಬರಲು ಒಪ್ಪಿದ್ದಾರೆ. ಫೋನಿನ ಭಾಗದ ಪಾಠವನ್ನು ಅವರೇ ಮಾಡುತ್ತಾರೆ.