ಎಂಟು ಸರ್ವರ್, ಒಂದೇ ಬಾವಿ

ನಾನೂ ಒಂದು ಜೀನ್ ಮೇಲೆ ಸಂಶೋಧನೆ ಮಾಡಿದ್ದೇನೆ. ಯಾವ ಜೀನ್ ಅಂತ ಕೇಳಬೇಡಿ. ಪೇಪರಿನಲ್ಲೇ ಅದಕ್ಕೆ ಅಷ್ಟೇನೂ ಮಹತ್ವ ಇರಲಿಲ್ಲ. ಶೀರ್ಷಿಕೆಯಲ್ಲಿ ಒಂದು ಸಲ, ಪೀಠಿಕೆಯಲ್ಲಿ ಎರಡು ಸಲ ಬರುತ್ತದೆ. ಅಲ್ಲಿ ಬೇರೆ ಹೆಸರು ಹಾಕಿದರೆ ಬೇರೆ ಪೇಪರ್ ಸಿದ್ಧ. ಮನುಷ್ಯನಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20,000 ಇವೆ. ನನ್ನ ನಿವೃತ್ತಿಯವರೆಗೆ ಧಾರಾಳ ಸಾಕು.

ಕೆಲಸ ಸುಲಭ. ಡಿಬಿ ಸ್ನಿಪ್ ಎಂಬ ಭಂಡಾರದಿಂದ ಆ ಜೀನಿನಲ್ಲಿ ಕಂಡುಬಂದ ಬದಲಾವಣೆಗಳನ್ನೆಲ್ಲ ಇಳಿಸಿಕೊಳ್ಳಬೇಕು. ಡಿಎನ್‌ಎಯಲ್ಲಿ ಒಂದಕ್ಷರ ಬದಲಾಗಿ, ಪ್ರೋಟೀನಿನಲ್ಲಿ ಒಂದು ಅಮೈನೊ ಆಮ್ಲದ ಜಾಗಕ್ಕೆ ಇನ್ನೊಂದು ಬಂದು ಕೂತರೆ ಅದು ಮಿಸ್‌ಸೆನ್ಸ್. ಅಂಥವನ್ನು ಆರಿಸಿ, ಬದಲಾವಣೆ ಪ್ರೋಟೀನನ್ನು ಕೆಡಿಸುತ್ತದೆಯೇ ಎಂದು ಭವಿಷ್ಯ ಹೇಳುವ ಸರ್ವರ್‌ಗಳ ಬಾಯಿಗೆ ಒಂದೊಂದಾಗಿ ಹಾಕಬೇಕು. ಸಿಫ್ಟ್, ಪಾಲಿಫೆನ್-2, ಪ್ರೊವಿಯನ್, ಪ್ಯಾಂಥರ್, ಹೀಗೆ ಎಂಟು.

ಒಂದೇ ತೊಡಕು, ಅಂಕಗಳದ್ದು. ಸಿಫ್ಟ್‌ನಲ್ಲಿ 0.05ಕ್ಕಿಂತ ಕಡಿಮೆ ಬಂದರೆ ಕೆಟ್ಟದ್ದು. ಪಾಲಿಫೆನ್‌ನಲ್ಲಿ 1ರ ಹತ್ತಿರ ಬಂದರೆ ಕೆಟ್ಟದ್ದು. ಪ್ರೊವಿಯನ್‌ನಲ್ಲಿ ಮೈನಸ್ 2.5ಕ್ಕಿಂತ ಕೆಳಗೆ ಇಳಿದರೆ ಕೆಟ್ಟದ್ದು. ಮೊದಲ ದಿನ ನಾನು ಸಿಫ್ಟ್ ಅಂಕಗಳನ್ನು ತಲೆಕೆಳಗಾಗಿ ಓದಿ, ಏನೂ ಮಾಡದ ಪಾಪದವನ್ನೆಲ್ಲ ಅಪಾಯಕಾರಿ ಪಟ್ಟಿಗೆ ಸೇರಿಸಿಬಿಟ್ಟಿದ್ದೆ. ಆಮೇಲೆ ತಿದ್ದಿದೆ ಅನ್ನಿ. ಸಮಾಧಾನದ ಸಂಗತಿ ಎಂದರೆ, ತೀರ್ಮಾನದ ಪ್ಯಾರಾದಲ್ಲಿ ಒಂದು ಪದವನ್ನೂ ಬದಲಾಯಿಸಬೇಕಾಗಲಿಲ್ಲ.

ಕೊನೆಗೆ ಮತ ಎಣಿಕೆ. ಎಂಟಕ್ಕೆ ಎಂಟೂ 'ಕೆಟ್ಟದ್ದು' ಅಂದವನ್ನು 'ಅತ್ಯಂತ ಅಪಾಯಕಾರಿ' ಎಂದು ದಪ್ಪಕ್ಷರದಲ್ಲಿ ಬರೆದೆ. ಈ ವಿದ್ಯೆ ಬಲ್ಲ ಗೆಳೆಯನಿಗೆ ತೋರಿಸಿದೆ. ಅವನು ಮುಖ ಹುಳಿ ಮಾಡಿಕೊಂಡ.

"ಮಾರಾಯ, ಇವು ಹೆಚ್ಚುಕಡಿಮೆ ಒಂದೇ ವಿಷಯ ನೋಡ್ತವೆ. ಇಲಿ, ಕೋಳಿ, ಮೀನು ಎಲ್ಲದರಲ್ಲೂ ಆ ಜಾಗದಲ್ಲಿ ಅದೇ ಅಮೈನೊ ಆಮ್ಲ ಇದೆಯಾ ಅಂತ. ಕೋಟ್ಯಂತರ ವರ್ಷ ಕದಲದೆ ಕೂತಿದ್ದರೆ, ಈಗ ಅದನ್ನು ಅಲ್ಲಾಡಿಸಿದರೆ ತೊಂದರೆ ಅಂತ ಊಹಿಸ್ತವೆ. ಒಳ್ಳೆಯ ಊಹೆಯೇ. ಆದರೆ ಒಂದೇ ಬಾವಿಗೆ ಎಂಟು ಕೊಡ ಇಳಿಸಿ, ಎಂಟರಲ್ಲೂ ನೀರೇ ಬಂತು ಅಂತ ಕುಣೀತೀಯಲ್ಲ!"

ಮಾತು ಮನಸ್ಸಿಗೆ ನಾಟಿತು. ಕೂಡಲೇ ಕಾನ್‌ಸರ್ಫ್ ಎಂಬ ಇನ್ನೊಂದನ್ನು ಓಡಿಸಿದೆ. ಯಾವ ಜಾಗ ಎಷ್ಟು ಕದಲದೆ ಉಳಿದಿದೆ ಎಂದು ಅದು 1ರಿಂದ 9ರವರೆಗೆ ಬಣ್ಣ ಹಚ್ಚಿ ತೋರಿಸುತ್ತದೆ. ಆಶ್ಚರ್ಯ ನೋಡಿ, ಅದೂ ಹೌದು ಅಂದಿತು. ಒಂಬತ್ತನೇ ಕೊಡ!

ಗೆಳೆಯ ಬಿಡಲಿಲ್ಲ. ಯಾವ ಬದಲಾವಣೆ ರೋಗ ತರುತ್ತದೆ ಎಂದು ತೀರ್ಮಾನಿಸಲು ಅಮೆರಿಕದ ವೈದ್ಯಕೀಯ ತಳಿಶಾಸ್ತ್ರ ಸಂಸ್ಥೆ ಎಸಿಎಂಜಿ 2015ರಲ್ಲಿ ತಂದ ನಿಯಮಾವಳಿ ಎದುರಿಗಿಟ್ಟ. ಇಂಥ ಭವಿಷ್ಯವಾಣಿಗೆ ಅಲ್ಲಿ ಸಿಗುವುದು 'ಪೂರಕ ಸಾಕ್ಷ್ಯ' ಎಂಬ ಕೊನೆಯ ಬೆಂಚು. ಎಷ್ಟು ಸರ್ವರ್ ಓಡಿಸಿದರೂ ಒಂದೇ ಸಲ ಎಣಿಸಬೇಕಂತೆ. 2022ರಲ್ಲಿ ಕ್ಲಿನ್‌ಜೆನ್ ಎಂಬ ಗುಂಪಿನ ತಜ್ಞರು ಇನ್ನೂ ಮುಂದೆ ಹೋಗಿ, ಒಂದೇ ಸಾಧನ ಬಳಸಿ, ಅದನ್ನೂ ಫಲಿತಾಂಶ ನೋಡುವ ಮೊದಲೇ ಆರಿಸಿಕೊಳ್ಳಿ ಎಂದು ಹೇಳಿದ್ದಾರೆ. ಆ ಒಂದು ಚೆನ್ನಾಗಿದ್ದರೆ ಅದರ ಮಾತಿಗೆ ತೂಕ ಜಾಸ್ತಿ ಕೊಡಬಹುದಂತೆ. ಫಲಿತಾಂಶ ನೋಡದೆ ಆರಿಸುವುದು! ಇಂಥ ಜೂಜಿಗೆ ಯಾರು ಕೂರುತ್ತಾರೆ?

"ಹೋಗಲಿ, ಆಲ್ಫಾಮಿಸ್‌ಸೆನ್ಸ್ ಬಂದ ಮೇಲೆ ನಿನ್ನ ಪೇಪರ್ ಯಾಕೆ ಬೇಕು?" ಅಂದ. ನಿಜ. 2023ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ಈ ಕೃತಕ ಬುದ್ಧಿಮತ್ತೆ ಮನುಷ್ಯನ ಪ್ರೋಟೀನ್‌ಗಳಲ್ಲಿ ಆಗಬಹುದಾದ 7.1 ಕೋಟಿ ಮಿಸ್‌ಸೆನ್ಸ್ ಬದಲಾವಣೆಗಳಿಗೆ ಒಟ್ಟಿಗೇ ಅಂಕ ಕೊಟ್ಟಿತು. ಶೇ. 32 ಬಹುಶಃ ರೋಗಕಾರಕ, ಶೇ. 57 ಬಹುಶಃ ನಿರುಪದ್ರವಿ, ಉಳಿದದ್ದು ಗೊತ್ತಿಲ್ಲ ಅಂದಿತು. ನನಗೆ ಬೇಸರ ತಂದದ್ದು ಆ 'ಗೊತ್ತಿಲ್ಲ'. ಅಷ್ಟು ಜಾಣ ಯಂತ್ರಕ್ಕೆ ಪೇಪರ್ ಬರೆಯುವ ವಿದ್ಯೆ ಕಲಿಸಿಲ್ಲ.

ಕುಡಗೋಲು ಕಣ (ಸಿಕಲ್ ಸೆಲ್) ರಕ್ತರೋಗದ ಕಥೆ ನೆನಪಾಯಿತು. 1950ರ ದಶಕದಲ್ಲಿ ವಿಜ್ಞಾನಿ ವರ್ನನ್ ಇಂಗ್ರಾಂ ಅವರು ನಿಜವಾದ ಹಿಮೋಗ್ಲೋಬಿನ್ ತಂದು, ತುಂಡು ಮಾಡಿ, ಕಾಗದದ ಮೇಲೆ ಹರಡಿ, ಒಂದೇ ಒಂದು ಅಮೈನೊ ಆಮ್ಲ ಬದಲಾಗಿದೆ ಎಂದು ಕಂಡುಹಿಡಿದರು. ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲೀನ್. ಪಾಪ, 'ಸಬ್ಮಿಟ್' ಗುಂಡಿ ಇಲ್ಲದ ಕಾಲ.

ನಾನು ಪೇಪರ್ ಕಳಿಸಿದೆ. ಕೊನೆಯಲ್ಲಿ 'ಇದನ್ನು ಪ್ರಯೋಗಾಲಯದಲ್ಲಿ ದೃಢಪಡಿಸಬೇಕಿದೆ' ಎಂಬ ಸಾಲೂ ಹಾಕಿದೆ. ಮನೆ ಕಟ್ಟಿದ ಮೇಲೆ ದೃಷ್ಟಿಬೊಂಬೆ ತೂಗುಹಾಕುತ್ತಾರಲ್ಲ, ಹಾಗೆ. ದೃಢಪಡಿಸಬೇಕಾದವರು ಯಾರು ಎಂದು ಬರೆಯುವ ಪದ್ಧತಿ ಇಲ್ಲ.

ರಿವ್ಯೂವರ್ ಬಹಳ ಕಟ್ಟುನಿಟ್ಟಿನ ಮನುಷ್ಯ. ಸಾಕ್ಷ್ಯ ಸಾಲದು ಎಂದು ಪೇಪರನ್ನು ವಾಪಸ್ ಕಳಿಸಿದರು. ಇನ್ನೆರಡು ಸರ್ವರ್ ಓಡಿಸಿ ಅಂದರು. ಓಡಿಸಿದೆ. ಅಚ್ಚಾಯಿತು.

ಮೊನ್ನೆ ಇನ್ನೊಬ್ಬರ ಪೇಪರ್ ನೋಡಿದೆ. ನನ್ನದನ್ನು ಉಲ್ಲೇಖಿಸಿ, 'ಈ ಬದಲಾವಣೆ ರೋಗ ತರುತ್ತದೆಂದು ಈಗಾಗಲೇ ತೋರಿಸಲಾಗಿದೆ' ಎಂದು ಬರೆದಿದ್ದಾರೆ. ಎತ್ತು ಈಯಿತು ಅಂತ ಅಂದವನು ನಾನು. ಅವರು ಕರುವನ್ನು ಕೊಟ್ಟಿಗೆಗೆ ಕಟ್ಟಿ, ಹೆಸರೂ ಇಟ್ಟಿದ್ದಾರೆ. ಮುಂದಿನ ಪೇಪರಿನಲ್ಲಿ ಅವರನ್ನು ಉಲ್ಲೇಖಿಸುವ ಸರದಿ ನನ್ನದು.